ಒತ್ತು ತಪ್ಪಿದೆ ಎಂದು ಬರೆದವರು

2007ರ ಸುಮಾರಿಗೆ ಬೆಂಗಳೂರಿನಲ್ಲಿ ನನ್ನ ಹಗಲಿನ ಕೆಲಸ, ತಂತ್ರಾಂಶ ಏನು ಮಾಡಬೇಕೆಂದು ಹೇಳುವ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆಯುವುದು. ವಾಕ್ಯಕ್ಕೊಂದು ನಂಬರು, ವಾಕ್ಯಕ್ಕೊಂದು ಕಡ್ಡಾಯ ಸೂಚಿಸುವ 'ಶಲ್'. ಗ್ರಾಹಕರು ಸಹಿ ಹಾಕಿದ ಮೇಲೆಯೇ ಕೋಡಿಂಗ್. ರಾತ್ರಿ ಮನೆಗೆ ಬಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಬಗ್‌ಜಿಲ್ಲಾ ತೆರೆದರೆ ಅಂಥ ಕಡತವೇ ಇಲ್ಲ. ಮೊಜಿಲ್ಲಾದವರು 1998ರಲ್ಲಿ ಹೊರತಂದ ಆ ತಂತ್ರಾಂಶದಲ್ಲಿ ದೋಷ, ಬೇಡಿಕೆ ಎಲ್ಲ ಒಂದೇ ಪಟ್ಟಿಯಲ್ಲಿ. ಬೇಡಿಕೆಯಾದರೆ 'ಎನ್‌ಹ್ಯಾನ್ಸ್‌ಮೆಂಟ್' ಎಂಬ ಗುರುತು, ಅಷ್ಟೆ. ಬಳಸುವವರು ಬರೆದದ್ದೇ ರಿಕ್ವೈರ್‌ಮೆಂಟ್.

ಆ ಪಟ್ಟಿಯ ಒಂದೊಂದು ನಮೂದಿಗೂ ಟಿಕೆಟ್ ಎಂದು ಹೆಸರು. ನಾನು ಓದುತ್ತಿದ್ದದ್ದು ಕನ್ನಡದ ಬಗೆಗಿನ ಟಿಕೆಟ್‌ಗಳನ್ನು. "ಕನ್ನಡ ಸರಿ ಬರುತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಫಾಂಟ್ ಇಲ್ಲವೋ, ಕೀಲಿಮಣೆಯ ತೊಡಕೋ, ಅಕ್ಷರ ಜೋಡಿಸುವ ಲೈಬ್ರರಿಯದೇ ತಪ್ಪೋ? ಮೂರನ್ನೂ ಸರಿಮಾಡುವವರು ಬೇರೆ ಬೇರೆ.

ಒಂದು ಟಿಕೆಟ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. 'ರ‍್ಯಾಂಕ್' ಎಂದು ಬರೆಯಹೋದರೆ 'ರ್ಯಾಂಕ್' ಮೂಡುತ್ತದೆ ಎಂಬ ದೂರು. 'ಸೂರ್ಯ'ಕ್ಕೆ ಅರ್ಕಾವೊತ್ತು ಬೇಕು, 'ರ‍್ಯಾಂಕ್‌'ಗೆ ಬೇಡ. ಯೂನಿಕೋಡ್‌ನಲ್ಲಿ ಎರಡಕ್ಕೂ ರ, ಹಲಂತ, ಯ ಇದೇ ಸಾಲು. ರ-ಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ಜಾಯ್ನರ್ ಇಟ್ಟರೆ ರೂಪ ಬದಲಾಗಬೇಕು. ದೂರಿಗೆ ಗುರಿಯಾದ ತಂತ್ರಾಂಶ ಆ ಜಾಯ್ನರನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ದೂರಿದವರು ಇಷ್ಟೆಲ್ಲ ಹೇಳಲಿಲ್ಲ. ಒತ್ತು ತಪ್ಪಿದೆ ಎಂದರು. ಕನ್ನಡಿಗರಿಗೆ ಅಷ್ಟು ಸಾಕು. ಕನ್ನಡ ಬಾರದ ನಿರ್ವಾಹಕರು 'ಇನ್‌ವ್ಯಾಲಿಡ್' ಎಂದು ಮುಚ್ಚಿಬಿಟ್ಟರು. ಮೂರು ಸಂಜೆ ಕೂತು, ಎರಡೂ ರೂಪಗಳನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಸ್ಕ್ಯಾನ್ ಮಾಡಿ, ಸಂಕೇತಗಳನ್ನು ಒಂದೊಂದಾಗಿ ವಿವರಿಸಿ ಅದನ್ನು ಮತ್ತೆ ತೆರೆಸಿದೆ.

ಓಪನ್ ಸೋರ್ಸ್‌ನ ರಿಕ್ವೈರ್‌ಮೆಂಟ್ ಹೀಗೆ ಮಾತುಕತೆಗಳಲ್ಲೇ ಚದುರಿರುತ್ತದೆ ಎಂದು ಸಂಶೋಧಕ ವಾಲ್ಟ್ ಸ್ಕಾಚಿ 2002ರಲ್ಲೇ ಬರೆದಿದ್ದರು. ಆ ಲೇಖನ ಕೈಗೆ ಸಿಕ್ಕ ದಿನ ನನ್ನ ರಾತ್ರಿಗಳಿಗೊಂದು ಹೆಸರು ಸಿಕ್ಕಂತಾಯಿತು.

ಆಮೇಲೆ ಗಿಟ್‌ಹಬ್ ಬಂತು. ಟಿಕೆಟ್‌ಗಳು ಕಣ್ಣಳತೆ ಮೀರಿದವು. ಒಂದೇ ದೂರಿನ ನಕಲುಗಳನ್ನು ಹುಡುಕಲು ಮೊದಲು ಪದಗಳನ್ನು ಎಣಿಸಿ ಹೋಲಿಸುತ್ತಿದ್ದೆವು. 2018ರಲ್ಲಿ ಬರ್ಟ್ ಎಂಬ ಭಾಷಾ ಮಾದರಿ ಬಂದ ಮೇಲೆ ಪದ ಬೇರೆಯಾದರೂ ಅರ್ಥ ಹತ್ತಿರವಿರುವ ವಾಕ್ಯಗಳು ಒಟ್ಟಿಗೆ ಸೇರತೊಡಗಿದವು. ಬೆರಗಾದೆ, ನಿಜ. ಆದರೆ ದೋಷ, ಬೇಡಿಕೆಗಳನ್ನು ಬೇರ್ಪಡಿಸಲು ನಾವು ಪ್ರಯೋಗಕ್ಕೆಂದು ಕಟ್ಟಿದ ವಿಂಗಡಣೆಯಲ್ಲಿ "ಸಾಧ್ಯವಾದರೆ ದಯವಿಟ್ಟು ಒತ್ತು ಸರಿ ಮೂಡುವಂತೆ ಮಾಡಿ" ಎಂಬ ಧಾಟಿಯ ಇಂಗ್ಲಿಷ್ ಸಾಲುಗಳೆಲ್ಲ ಬೇಡಿಕೆಯ ಗುಂಪಿಗೆ ಹೋಗಿ ಬಿದ್ದವು. ದೋಷವನ್ನೂ ನಮ್ಮವರು ವಿನಯದಿಂದಲೇ ಹೇಳುತ್ತಾರೆ. ಅವನ್ನೆಲ್ಲ ಕೈಯಿಂದಲೇ ತೆಗೆದು ದೋಷದ ಗುಂಪಿಗೆ ಹಾಕಿದೆ.

ಈಗ ಟಿಕೆಟ್ ಬರೆಯಲು ಸಿದ್ಧ ನಮೂನೆ ಇರುತ್ತದೆ: ಏನಾಯಿತು, ಏನಾಗಬೇಕಿತ್ತು. ಮೊನ್ನೆ ಒಬ್ಬರು ಎರಡನೆಯ ಅಂಕಣದಲ್ಲಿ ಒಂದಕ್ಷರವನ್ನೂ ಟೈಪ್ ಮಾಡಿರಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಬರೆದ ಪದದ ಫೋಟೊ ಇತ್ತು.