ಆರು ತಿಂಗಳ ಚಳಿ, ಎರಡು ದಿನದ ಪಯಣ

ಅಮೆರಿಕದ ಉತ್ತರ ಗಡಿಯಲ್ಲಿರುವ ಮಿನ್ನೆಸೋಟ ರಾಜ್ಯದ ಚಳಿಯ ವಿಚಾರವನ್ನು ಧಾರವಾಡದಲ್ಲಿ ಕುಳಿತು ಎಷ್ಟು ಕೇಳಿದರೂ ಅದು ಕಿವಿಗೆ ತಾಗುವುದೇ ಹೊರತು ಮೈಗೆ ತಾಗುವುದಿಲ್ಲ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆಂಬುದು ನಮ್ಮ ಕಡೆಯ ಮಾತು. ನಾವು ಅಲ್ಲಿದ್ದಾಗ ಶಿವರಾತ್ರಿಯಾದ ವಾರದಲ್ಲೇ ಒಂದಡಿಗೂ ಮಿಗಿಲಾಗಿ ಹಿಮ ಸುರಿಯಿತು. ಯುಗಾದಿಯ ದಿನ ಬೇವು ಸಿಗಲಿಲ್ಲವೆಂಬುದು ಹಾಗಿರಲಿ, ಅಂಗಳದಲ್ಲಿ ಒಂದು ಹಸಿರೆಲೆಯೂ ಕಾಣಲಿಲ್ಲ.

ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಮಿನಿಯಾಪೊಲಿಸ್ ನಗರಕ್ಕೆ ಹೋದದ್ದು 2022ರ ಅಕ್ಟೋಬರ್ ತಿಂಗಳಿನಲ್ಲಿ. ಆರು ತಿಂಗಳು ಇರಲು ಪರವಾನಗಿ ದೊರೆತಿತ್ತು. ಪೆಟ್ಟಿಗೆಯಲ್ಲಿ ಅಂಟು, ಉತ್ತತ್ತಿ, ಕೊಬ್ಬರಿ, ಅಳವಿ, ಜೋಳದ ಹಿಟ್ಟು ಎಲ್ಲವೂ ಇದ್ದವು. ನವೆಂಬರ್ ಮೊದಲ ವಾರದಲ್ಲಿ ಗಂಡು ಮಗು ಜನಿಸಿತು. ಅಲ್ಲಿಂದ ಮುಂದೆ ಐದು ತಿಂಗಳು ನಾವು ಕಂಡ ಅಮೆರಿಕವೆಂದರೆ ಅಡುಗೆಮನೆಯ ಒಂದು ಕಿಟಕಿ ಎಂದರೆ ಉತ್ಪ್ರೇಕ್ಷೆಯಲ್ಲ.

ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸೂರ್ಯ ಮೂಡುವುದು ಎಂಟು ಗಂಟೆಯ ಸುಮಾರಿಗೆ; ಸಂಜೆ ನಾಲ್ಕೂವರೆಗೆಲ್ಲ ದೀಪ ಹಚ್ಚಬೇಕು. ನಮ್ಮ ನಾಡಿನ ಅತ್ಯಂತ ಚಿಕ್ಕ ಹಗಲಿಗೂ ಹನ್ನೊಂದು ತಾಸು ಉಂಟು. ಅಲ್ಲಿಯದಕ್ಕೆ ಒಂಬತ್ತು ತಾಸೂ ಇಲ್ಲ. ನೆಲ ಎಷ್ಟು ಆಳ ಹೆಪ್ಪುಗಟ್ಟುತ್ತದೆಂದರೆ, ಆ ರಾಜ್ಯದ ದಕ್ಷಿಣ ಭಾಗದಲ್ಲಿ ಮನೆಯ ಅಡಿಪಾಯವನ್ನು ಮೂರೂವರೆ ಅಡಿ, ಉತ್ತರದಲ್ಲಿ ಐದು ಅಡಿ ಕೆಳಗೆ ಇಳಿಸಬೇಕೆಂದು ಕಟ್ಟಡದ ನಿಯಮವೇ ಇದೆ. ಹಿಮ ನಿಂತ ಇಪ್ಪತ್ತನಾಲ್ಕು ತಾಸಿನೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವುಗೊಳಿಸಬೇಕು. ಅಳಿಯಂದಿರು ಕಚೇರಿಗೆ ಹೊರಡುವ ಮುನ್ನ ನಸುಕಿನಲ್ಲಿ ಸಲಿಕೆ ಹಿಡಿದು ನಿಂತರೆ, ನಮ್ಮ ಯಜಮಾನರು ಕಿಟಕಿಯ ಒಳಗಿನಿಂದ ಸಲಹೆ ನೀಡುತ್ತಿದ್ದರು. ಆ ವರ್ಷ ನಗರದಲ್ಲಿ ಬಿದ್ದ ಒಟ್ಟು ಹಿಮ ಏಳೂವರೆ ಅಡಿ. ದಾಖಲೆಯಲ್ಲಿ ಮೂರನೆಯ ಸ್ಥಾನ. ಸಲಹೆಗೆ ಕೊರತೆಯಾಗಲಿಲ್ಲ.

ಬಾಣಂತನವನ್ನು ನಮ್ಮ ತಾಯಂದಿರು ಕಲಿಸಿದಂತೆ ಮಾಡಲು ಆ ಮನೆಗಳು ಒಪ್ಪುವುದಿಲ್ಲ. ಕೂಸಿಗೆ ಲೋಬಾನದ ಹೊಗೆ ಹಾಕೋಣವೆಂದರೆ ಛಾವಣಿಯ ಹೊಗೆಗಂಟೆ ಓಣಿಯೆಲ್ಲ ಕೇಳುವಂತೆ ಕೂಗುತ್ತದೆ. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸೋಣವೆಂದರೆ ಬಿಸಿಲೆಂಬುದು ಗಾಜಿನ ಆಚೆಗೆ ಚಿತ್ರದಂತಿರುತ್ತದೆ, ಅದರಲ್ಲಿ ಕಾವಿಲ್ಲ. ಅದಕ್ಕೆಂದೇ ವೈದ್ಯರು ಕೂಸಿಗೆ ದಿನವೂ ‘ಡಿ’ ಜೀವಸತ್ವದ ಹನಿ ಹಾಕಲು ಹೇಳಿದ್ದರು. ಇವೆಲ್ಲಕ್ಕೂ ಹೊಂದಿಕೊಂಡೆವು. ಹೊಂದಿಕೊಳ್ಳಲಾಗದೆ ಹೋದದ್ದು ಮಗಳ ಮೌನಕ್ಕೆ.

ಸಂಕ್ರಾಂತಿಯ ಹೊತ್ತಿಗೆ ಆಕೆ ಮಾತು ಕಡಿಮೆ ಮಾಡಿದಳು. ಉಂಡೆ ಕೊಟ್ಟರೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಕೂಸು ಅತ್ತರೆ ತಾನೂ ಅಳುತ್ತಿದ್ದಳು. ಕಾರಣ ಕೇಳಿದರೆ ಗೊತ್ತಿಲ್ಲವೆನ್ನುತ್ತಿದ್ದಳು. ನಮ್ಮ ಕಡೆಯಾದರೆ ದೃಷ್ಟಿ ತೆಗೆದು ಸುಮ್ಮನಾಗುತ್ತಿದ್ದೆವೇನೋ. ಅಲ್ಲಿ ಕೂಸಿನ ತಪಾಸಣೆಗೆ ಹೋದಾಗ ತಾಯಿಗೂ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. 1987ರಲ್ಲಿ ಪ್ರಕಟವಾದ, ಎಡಿನ್‌ಬರೊ ನಗರದ ಹೆಸರು ಹೊತ್ತ ಪ್ರಶ್ನಾವಳಿ ಅದು. ನಗಲು ಆಗುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಸುಮ್ಮಸುಮ್ಮನೆ ಭಯವಾಗುತ್ತಿದೆಯೇ ಎಂಬಂಥ ಪ್ರಶ್ನೆಗಳು. ಉತ್ತರ ನೋಡಿದ ವೈದ್ಯರು ಇದು ಹೆರಿಗೆಯ ನಂತರ ಅನೇಕ ತಾಯಂದಿರಿಗೆ ಬರುವ ಖಿನ್ನತೆ, ಬೆಳಕಿಲ್ಲದ ಚಳಿಗಾಲವೂ ಸೇರಿದೆ, ಚಿಕಿತ್ಸೆ ಇದೆ ಎಂದರು. ಆಪ್ತಸಲಹೆಗೆ ಏರ್ಪಾಡು ಮಾಡಿದರು. ಬೆಳಗಿನ ಹೊತ್ತು ಅರ್ಧ ತಾಸು ಕೂರಬೇಕಾದ ಪ್ರಖರ ದೀಪವೊಂದನ್ನು ಸೂಚಿಸಿದರು. ಮನೆಯ ಹಿರಿಯರು ಇಂಥ ಹಾಳೆಯನ್ನು ಅನುಮಾನದಿಂದ ನೋಡಬಾರದೆಂದು ನಮ್ಮ ವಾಚಕ ತಾಯಂದಿರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಉಂಡೆಯೂ ಬೇಕು, ವೈದ್ಯರೂ ಬೇಕು.

ಫೆಬ್ರುವರಿ, ಮಾರ್ಚ್ ಹಾಗೆಯೇ ಕಳೆದವು. ದೀಪದ ಮುಂದೆ ಕುಳಿತ ಮಗಳ ಎದುರು ನಾವು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದೆವು. ಆಕೆ ಮೆಲ್ಲನೆ ಚೇತರಿಸಿಕೊಂಡಳು. ಆದರೆ ನಾವು ಹೊರಡುವ ದಿನವೂ ಹತ್ತಿರವಾಗುತ್ತಿತ್ತು. ಒಂದು ರಾತ್ರಿ, “ಅವ್ವಾ, ನೀವು ಹೋದ ಮ್ಯಾಲೆ ನಾ ಒಬ್ಬಾಕಿ ಹ್ಯಾಂಗ ಇರ್ಲಿ?” ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ.

ಏಪ್ರಿಲ್ ಎರಡನೆಯ ವಾರ ಒಮ್ಮೆಲೇ ಬಿಸಿಲು ಬಂತು. ಐದಾರು ದಿನಗಳ ಹಿಂದೆ ಹಿಮವಿದ್ದ ಓಣಿಗಳಲ್ಲಿ ನೀರು ಹರಿಯಿತು, ಜನ ಅಂಗಿಯ ತೋಳು ಮಡಿಸಿ ಓಡಾಡಿದರು. ನಿಮಗೇನೂ ತೋರಿಸಲಿಲ್ಲವೆಂಬ ಕೊರಗು ಅಳಿಯಂದಿರಿಗೆ. ಎರಡು ದಿನ ರಜೆ ಹಾಕಿ, ಕೂಸಿನ ಆಸನವನ್ನು ಕಾರಿನ ಹಿಂಬದಿಗೆ ಮುಖಮಾಡಿ ಬಿಗಿದು, ಉತ್ತರಕ್ಕೆ ಹೊರಟೇಬಿಟ್ಟರು. ಡುಲುತ್ ಪಟ್ಟಣಕ್ಕೆ ಸುಮಾರು 250 ಕಿಲೋಮೀಟರು. ಎರಡು ತಾಸಿಗೊಮ್ಮೆ ಹಾಲಿಗಾಗಿ ನಿಲ್ಲುತ್ತ, ರೊಟ್ಟಿ-ಶೇಂಗಾಚಟ್ನಿ ಬಿಚ್ಚುತ್ತ ಮಧ್ಯಾಹ್ನ ತಲುಪಿದೆವು.

ಗುಡ್ಡ ಇಳಿಯುತ್ತಿದ್ದಂತೆ ಸುಪೀರಿಯರ್ ಸರೋವರ ಕಾಣಿಸಿತು. ಸರೋವರವೆಂಬ ಮಾತು ಅದಕ್ಕೆ ಸಾಲದು. ಸುಮಾರು 82,000 ಚದರ ಕಿಲೋಮೀಟರು, ಅಂದರೆ ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲಿಗೂ ಹೆಚ್ಚು. ಸಿಹಿನೀರಿನ ಸರೋವರಗಳಲ್ಲಿ ವಿಸ್ತಾರದಲ್ಲಿ ಇದನ್ನು ಮೀರಿಸಿದ್ದು ಜಗತ್ತಿನಲ್ಲಿಲ್ಲ. ನಗರದಲ್ಲಿ ಬೆವರಿದ ನಮಗೆ ಅದರ ಗಾಳಿಗೆ ಶಾಲು ಹೊದೆಯಬೇಕಾಯಿತು.

ಬಂದರಿನ ಬಾಯಿಗೆ ಒಂದು ಕಬ್ಬಿಣದ ಸೇತುವೆಯಿದೆ. 1905ರಲ್ಲಿ ಕಟ್ಟಿದಾಗ ತೂಗುತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಜನರನ್ನು ದಾಟಿಸುತ್ತಿದ್ದರಂತೆ; 1930ರ ಹೊತ್ತಿಗೆ ರಸ್ತೆಯೇ ಮೇಲೇಳುವಂತೆ ಮಾರ್ಪಡಿಸಿದರು. ಅಲ್ಲಿ ತಿಳಿದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ನಿಂತಿದೆ. ಈ ಸರೋವರದಿಂದ ಕೆಳಗಿನ ಸರೋವರಗಳಿಗೆ ಹಡಗು ಇಳಿಸುವ ಸೂ ಎಂಬಲ್ಲಿನ ನೀರುಬಾಗಿಲುಗಳನ್ನು ಜನವರಿ 15ಕ್ಕೆ ಮುಚ್ಚಿ ಮಾರ್ಚ್ 25ಕ್ಕೆ ತೆರೆಯುತ್ತಾರೆ. ಆ ಹತ್ತು ವಾರ ಅದಿರಿನ ದೊಡ್ಡ ಹಡಗುಗಳೂ ಬಂದರಿನಲ್ಲಿ ಹಗ್ಗ ಕಟ್ಟಿಸಿಕೊಂಡು ಮನೆಯಲ್ಲೇ ಇರುತ್ತವೆ. ಸುಮ್ಮನೆ ಅಲ್ಲ, ಯಂತ್ರ ಬಿಚ್ಚಿ, ತಗಡು ಬೆಸೆದು, ಎಣ್ಣೆ ಹಾಕಿ ದುರಸ್ತಿ ಮಾಡುವ ಕಾಲ ಅದು. ಸಂಡೂರು, ಕುದುರೆಮುಖಗಳ ಹೆಸರು ಕೇಳಿದ ನಮಗೆ ಅದಿರು ಹೊಸದಲ್ಲ, ಅದು ರಜೆ ಪಡೆಯುವುದು ಹೊಸದು.

ನಾವು ನಿಂತಿದ್ದಾಗಲೇ ಅಂಥದೊಂದು ಹಡಗು ಬಂತು. ಅದು ಕೊಂಬೂದಿತು, ಸೇತುವೆ ಅದೇ ಸ್ವರದಲ್ಲಿ ಮರುನುಡಿಯಿತು, ರಸ್ತೆ ಮೇಲಕ್ಕೆದ್ದಿತು. ಕೂಸು ಬೆಚ್ಚಿ ಕಣ್ಣು ಬಿಟ್ಟಿತು, ಅಳಲಿಲ್ಲ. ಮಗಳು ಅದರ ಕಿವಿಗೆ ಅಂಗೈ ಮುಚ್ಚಿ, ಬಾಗಿ, ಹಡಗನ್ನು ಬೊಟ್ಟು ಮಾಡಿ ತೋರಿಸುತ್ತ ಏನೇನೋ ಹೇಳುತ್ತಲೇ ಇದ್ದಳು. ಅಷ್ಟು ಮಾತನ್ನು ನಾವು ಆ ಚಳಿಗಾಲವಿಡೀ ಕೇಳಿರಲಿಲ್ಲ.

ಮರುದಿನ ದಡದ ರಸ್ತೆಯಲ್ಲಿ ಗೂಸ್‌ಬೆರಿ ಜಲಪಾತಕ್ಕೆ ಹೋದೆವು. ಹಿಮ ಕರಗಿದ ನೀರು ಕೆಂಚಗೆ ಭೋರ್ಗರೆಯುತ್ತಿತ್ತು. ಮರದ ನೆರಳಿನಲ್ಲಿ ಮಾತ್ರ ಮೊಣಕಾಲುದ್ದ ಹಿಮ ಉಳಿದಿತ್ತು. ಮುಂದೆ ಸ್ಪ್ಲಿಟ್ ರಾಕ್ ಎಂಬ ಬಂಡೆಯ ಮೇಲೊಂದು ದೀಪಸ್ತಂಭ. 1905ರ ನವೆಂಬರ್ ಬಿರುಗಾಳಿಯಲ್ಲಿ ಅನೇಕ ಹಡಗುಗಳು ನಷ್ಟವಾದದ್ದರಿಂದ 1910ರಲ್ಲಿ ಬೆಳಗಿಸಿದ್ದು. 1969ರಲ್ಲಿ ಕೆಲಸ ನಿಲ್ಲಿಸಿತು. ನಮ್ಮ ಯಜಮಾನರಿಗೆ ಮೆಟ್ಟಿಲು ಆಗದೆಂದು ಕೆಳಗಿನಿಂದಲೇ ನೋಡಿ ಹಿಂದಿರುಗಿದೆವು. ದಾರಿಯಲ್ಲಿ ಮೇಪಲ್ ಮರದ ಪಾಕ ಕೊಂಡೆವು. ನಲವತ್ತು ಕೊಡ ರಸ ಕುದಿಸಿದರೆ ಒಂದು ಕೊಡ ಪಾಕವಂತೆ. ನಮ್ಮ ಆಲೆಮನೆಯವರು ಕೇಳಿದರೆ ನಕ್ಕಾರು.

ಅರ್ಧ ದಾರಿಯ ಹಿಂಕ್ಲಿ ಎಂಬ ಊರಿನಲ್ಲಿ ಚಹಾಕ್ಕೆ ನಿಂತಾಗ, ಅಕ್ಟೋಬರ್‌ನಿಂದ ಕಾರು ಮುಟ್ಟದಿದ್ದ ಮಗಳು ಗಂಡನ ಮುಂದೆ ಕೈಚಾಚಿ ಕೀಲಿಕೈ ಕೇಳಿದಳು. ಅಳಿಯಂದಿರು ಮಾತಿಲ್ಲದೆ ಕೊಟ್ಟು ಹಿಂದೆ ಬಂದು ನಮ್ಮ ಪಕ್ಕ ಕುಳಿತರು. ಮನೆಯವರೆಗೂ ಆಕೆಯೇ ಓಡಿಸಿದಳು. ಮಾರನೆಯ ಬೆಳಿಗ್ಗೆ ನಮ್ಮ ಪೆಟ್ಟಿಗೆಗಳಿಗೆ ಹಗ್ಗ ಬೇಕೆಂದು, ಕೂಸನ್ನು ಹಿಂದಿನ ಆಸನದಲ್ಲಿ ಬಿಗಿದು, ಒಬ್ಬಳೇ ಅಂಗಡಿಗೆ ಹೋಗಿ ಬಂದಳು.