ಗದ್ದೆಬದುವಿನ ಮಂಡೂಕಪರ್ಣಿ

ಕಳೆದ ಶ್ರಾವಣದಲ್ಲಿ ಮೊಮ್ಮಗಳೊಡನೆ ತೀರ್ಥಹಳ್ಳಿಯ ಸಮೀಪದ ನಮ್ಮೂರಿಗೆ ಹೋಗಿದ್ದೆನು. ಬಿಳುಪು ಬರಿಸುವ ಯಾವುದೋ ಲೇಪದಿಂದ ಅವಳ ಕೆನ್ನೆ ಬೆಂದಿದ್ದಿತು. ಮುಖವನ್ನು ಮರೆಸಿಕೊಂಡೇ ತಿರುಗುತ್ತಿದ್ದಳು. ವೈದ್ಯರು ಅದನ್ನು ಬಿಡಿಸಿ, ಸೆಂಟೆಲ್ಲವೂ ಪೆಪ್ಟೈಡೂ ಕೂಡಿದ ಸೌಮ್ಯಲೇಪವನ್ನು ಕೊಟ್ಟಿದ್ದರು.

ತುಂಗೆಯ ತಡಿಯ ಗದ್ದೆಬದುವಿನಲ್ಲಿ ಒಂದೆಲಗದ ಎಲೆಯನ್ನು ಕಿತ್ತು, "ಮಗು, ನಿನ್ನ ಸೆಂಟೆಲ್ಲವೆಂದರೆ ಇದೇ, ಅಜ್ಜಿಯ ತಂಬುಳಿಯ ಸೊಪ್ಪು" ಎಂದೆನು. ಸಂಸ್ಕೃತದಲ್ಲಿ ಇದು ಮಂಡೂಕಪರ್ಣೀ. ಪೆಪ್ಟೈಡಾದರೋ ಅಮೈನೋ ಆಮ್ಲಗಳ ಕಿರುಸರ. ಅಂತಹದೊಂದನ್ನು ೧೯೭೩ರಲ್ಲಿ ಪಿಕಾರ್ಟ್ ಎಂಬವರು ಮನುಷ್ಯರ ರಕ್ತದಲ್ಲಿಯೇ ಗುರುತಿಸಿದರು. ಎಲೆಯ ಸತ್ತ್ವವು ಉರಿಯನ್ನು ಶಮನಗೊಳಿಸುವುದು. ಪೆಪ್ಟೈಡು ಚರ್ಮಕ್ಕೆ ತನ್ನನ್ನು ತಾನೇ ಕಟ್ಟಿಕೊಳ್ಳುವ ಸೂಚನೆ ಕೊಡುವುದೆಂದು ವಿಜ್ಞಾನಿಗಳ ಮತ.

"ಈ ಎಲೆಯನ್ನೇ ಅರೆದು ಹಚ್ಚಲೇ, ಅಜ್ಜಯ್ಯ?"

"ಬೇಡ, ಹಸಿಸೊಪ್ಪು ಕೆಲವರಿಗೆ ತುರಿಕೆ ತರುವುದು. ಯಾವ ಲೇಪವನ್ನಾದರೂ ಮೊದಲು ಮುಂಗೈಗೆ ಹಚ್ಚಿ ನೋಡತಕ್ಕದ್ದು."

ದೀಪಾವಳಿಗೆ ಅವಳು ಮುಖವೆತ್ತಿಯೇ ಬಂದಳು. ಬಣ್ಣ ಮೊದಲಿನದೇ, ನಗುವೂ ಮೊದಲಿನದೇ.