ಲಗಾಮು ಹಿಡಿದವರ ಲೆಕ್ಕ

ಊಟಿಯ ಕುದುರೆ ರೇಸು ನಿಂತುಹೋಯಿತು. 2024ರ ಜುಲೈನಲ್ಲಿ ತಮಿಳುನಾಡಿನ ಕಂದಾಯ ಇಲಾಖೆಯವರು ಬಂದು, ಊರ ನಡುವಿನ ಆ ಬಯಲನ್ನು ಮದ್ರಾಸ್ ರೇಸ್ ಕ್ಲಬ್ಬಿನ ಕೈಯಿಂದ ಬಿಡಿಸಿಕೊಂಡರು. ಸುಮಾರು 52 ಎಕರೆ ನೆಲ. 2001ರಿಂದ ಕಟ್ಟದೆ ಉಳಿದ ಬಾಡಿಗೆ 822 ಕೋಟಿ ರೂಪಾಯಿ ಅಂತ ಸರ್ಕಾರದ ಲೆಕ್ಕ. 1886ರ ಸುಮಾರಿಗೆ ಬಿಳಿಯರು ಶುರುಮಾಡಿದ ಆಟ ಹೀಗೆ ಮುಗಿಯಿತು. ಪತ್ರಿಕೆಗಳು ಬಾಡಿಗೆಯ ಲೆಕ್ಕ ಬರೆದವು. ರೇಸಿನ ಅಭಿಮಾನಿಗಳು ಗೆದ್ದ ಕುದುರೆಗಳನ್ನು ನೆನೆದು ನಿಟ್ಟುಸಿರು ಬಿಟ್ಟರು. ಲಗಾಮು ಹಿಡಿದು ಆ ಕುದುರೆಗಳನ್ನು ಬಯಲಿಗೆ ನಡೆಸಿದವರ ಲೆಕ್ಕ ಮಾತ್ರ ಯಾರೂ ಕೇಳಲಿಲ್ಲ.

ಚಿಕ್ಕಜಾಜೂರಿನಲ್ಲಿ ಕೂತವನಿಗೆ ಊಟಿಯ ರೇಸಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಮ್ಮದು ರೈಲು ಜಂಕ್ಷನ್ನಿನ ಊರು. ಬೆಂಗಳೂರು-ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗದ ಕಡೆಗೆ ಕವಲೊಡೆಯುವುದು ಇಲ್ಲೇ. ತೋಟ ಇದ್ದವರು ಊರಲ್ಲಿ ಉಳಿಯುತ್ತಾರೆ, ಇಲ್ಲದವರು ರೈಲು ಹತ್ತುತ್ತಾರೆ. ಹಾಗೆ ಹತ್ತಿದವರಲ್ಲಿ ನನ್ನ ಸೋದರಮಾವ ಒಬ್ಬ. ಬೆಂಗಳೂರಿನ ಒಂದು ಕುದುರೆ ಲಾಯದಲ್ಲಿ ಸೈಸ್ ಆಗಿದ್ದ. ಸೈಸ್ ಅಂದರೆ ಕುದುರೆ ನೋಡಿಕೊಳ್ಳುವ ಆಳು. ಏಪ್ರಿಲ್ ಬಂತೆಂದರೆ ಕೆಲವು ಕುದುರೆಗಳು ಬೇಸಿಗೆ ರೇಸಿಗೆಂದು ಲಾರಿಯಲ್ಲಿ ಊಟಿಗೆ ಹೋಗುತ್ತಿದ್ದವು. ಅದೇ ಲಾರಿಯಲ್ಲಿ, ಕುದುರೆಯ ಕೊರಳ ಪಕ್ಕ ನಿಂತುಕೊಂಡು, ಮಾವನೂ ಘಾಟಿ ಹತ್ತುತ್ತಿದ್ದ.

ಚಿಕ್ಕವನಿದ್ದಾಗ ನಾನು, "ಮಾವ, ಊಟಿ ಹೆಂಗೈತೆ?" ಅಂತ ಕೇಳುತ್ತಿದ್ದೆ.

"ಊಟಿ ಎಲ್ಲಿ ನೋಡ್ದೆ ಕಣಪ್ಪ. ಕುದುರೆ ಕಾಲು ನೋಡ್ದೆ, ಅಷ್ಟೇ" ಅನ್ನುತ್ತಿದ್ದ.

ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಆ ಚಳಿಯಲ್ಲಿ ಲದ್ದಿ ಬಾಚಬೇಕು, ಮೈ ಉಜ್ಜಬೇಕು, ಗೊರಸಿನ ಸಂದಿಯ ಮಣ್ಣು ತೆಗೆಯಬೇಕು. ಓಡಿ ಬಂದ ಕುದುರೆಯನ್ನು ಬೆವರು ಆರುವತನಕ ನಡೆಸಬೇಕು. ಕುದುರೆಗೆ ಹೊದಿಸಿದ ಮೇಲೆ ತಾನು ಹೊದ್ದುಕೊಳ್ಳಬೇಕು. ಲದ್ದಿಯನ್ನು ಕ್ಯಾರೆಟ್ ಬೆಳೆಯುವವರು ಗಾಡಿಯಲ್ಲಿ ಒಯ್ಯುತ್ತಿದ್ದರಂತೆ. "ಅದರ ಲದ್ದಿಗೂ ಬೆಲೆ ಇತ್ತು ಕಣಪ್ಪ" ಅಂತ ಮಾವ ನಗುತ್ತಿದ್ದ. ಕುದುರೆಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಕಾಲು ಮುರಿದ ಒಂದು ಹೆಣ್ಣು ಕುದುರೆಗೆ ಸೂಜಿ ಚುಚ್ಚಿ ಸಾಯಿಸಿದ ದಿನ ಅನ್ನ ಮುಟ್ಟಲಿಲ್ಲವಂತೆ. ಆಮೇಲೆ ಇನ್ನೊಂದು ಕುದುರೆ ಒದ್ದು ಅವನ ಮೊಣಕಾಲು ಹೋಯಿತು. ಕುದುರೆಗೆ ವಿಮೆ ಇತ್ತು, ಮಾವನಿಗೆ ಇರಲಿಲ್ಲ. ಲಾಯದವರು ಬಸ್ ಚಾರ್ಜು, ಒಂದು ಹಳೇ ಕಂಬಳಿ ಕೊಟ್ಟು ಕಳಿಸಿದರು.

ಆ ಬಯಲು ಮೊದಲು ಯಾರದಾಗಿತ್ತು ಅಂತ ನಾನು ಹುಡುಕಿದ್ದು ಡಿಗ್ರಿ ಮುಗಿಸಿದ ಮೇಲೆ. ನಾವು ಕನ್ನಡದಲ್ಲಿ ಉದಕಮಂಡಲ ಅಂತ ಚಂದವಾಗಿ ಬರೆಯುತ್ತೇವೆ. ಉದಕ, ಮಂಡಲ ಎರಡೂ ಸಂಸ್ಕೃತ. ಆದರೆ ಊರಿನ ಮೂಲ ಹೆಸರಿನಲ್ಲಿ ಇರುವುದು 'ಮಂದು' ಅನ್ನುತ್ತಾರೆ. ಮಂದು ಅಂದರೆ ತೋಡರ ಹಟ್ಟಿ. ಒಂಟಿ ಕಲ್ಲಿನ ಹಟ್ಟಿ ಅಂತ ಅರ್ಥ ಹೇಳುವವರಿದ್ದಾರೆ. ಎಮ್ಮೆ ಕಾಯುವ ತೋಡರು ಆ ಕಣಿವೆಯ ಹುಲ್ಲುಗಾವಲಿನ ಜನ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನೀಲಗಿರಿ ಮೈಸೂರಿನಿಂದ ಕಂಪನಿಯ ಕೈಗೆ ಹೋಯಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ. ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲ ಕೊಂಡ. ತೊರೆಗಳಿಗೆ ಏರಿ ಹಾಕಿಸಿ ಕೆರೆ ಮಾಡಿಸಿದ. ಮುಂದೆ ಬೇಸಿಗೆ ಬಂತೆಂದರೆ ಮದ್ರಾಸಿನ ಸರ್ಕಾರವೇ ಬೆಟ್ಟ ಹತ್ತತೊಡಗಿತು. ದೊರೆಗಳು ಬಂದ ಮೇಲೆ ಆಟ ಬೇಕು, ಆಟಕ್ಕೆ ಬಯಲು ಬೇಕು. ಕೆರೆ ಕುಗ್ಗುತ್ತಾ ಬಂತು, ಆ ಜಾಗದಲ್ಲಿ ರೇಸಿನ ಬಯಲು ಬಂತು, ಬಸ್ ಸ್ಟ್ಯಾಂಡು ಬಂತು. ಎಮ್ಮೆಯ ಹುಲ್ಲುಗಾವಲು ಕೆರೆಯಾಯಿತು, ಕೆರೆ ಕುದುರೆಯ ಪಾಲಾಯಿತು. ಪ್ರತಿ ಸಲವೂ ಕಾಗದ ಸರಿಯಾಗೇ ಇತ್ತು.

ರೇಸಿನ ಕುದುರೆಗೂ ಕುಲ ಇದೆ ಗೆಳೆಯರೆ. ಇಂಗ್ಲೆಂಡಿನಲ್ಲಿ 1791ರಲ್ಲೇ ಅದಕ್ಕೆ ವಂಶಾವಳಿಯ ಪುಸ್ತಕ ಬರೆದರು. ಥರೋಬ್ರೆಡ್ ಅನ್ನುವ ಜಾತಿಯ ಕುದುರೆಗಳೆಲ್ಲ ತಂದೆಯ ಕಡೆಯಿಂದ ಮೂರೇ ಗಂಡು ಕುದುರೆಗಳ ಸಂತಾನ. ತಾಯಿ-ತಂದೆ ಪುಸ್ತಕದಲ್ಲಿ ಇಲ್ಲದಿದ್ದರೆ, ಗಾಳಿಯಂತೆ ಓಡಿದರೂ ಆ ಪಂಗಡಕ್ಕೆ ಸೇರಿಸರು. ಇದನ್ನು ಓದಿದಾಗ ಹೊಸದನ್ನು ಓದಿದಂತೆ ಅನ್ನಿಸಲಿಲ್ಲ. ಕುದುರೆಯ ಮುತ್ತಜ್ಜನ ಹೆಸರು ಅಚ್ಚಾಗಿದೆ. ಅದರ ಮೈ ಉಜ್ಜಿದವನ ಹೆಸರು ಹಾಜರಿ ಪುಸ್ತಕದಲ್ಲೂ ಉಳಿಯಲಿಲ್ಲ. ಮಾವ ಕುದುರೆ ಹಿಡಿದು ನಡೆದ, ಏರಲಿಲ್ಲ. ಏರುವುದರ ಬೆಲೆ ಬೇರೆ. 2018ರ ಮಾರ್ಚಿನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ, ಆಸೆಪಟ್ಟು ಕುದುರೆ ಸಾಕಿದ್ದ ದಲಿತ ಹುಡುಗನೊಬ್ಬನನ್ನು ಕೊಂದರು. ಕುದುರೆ ಏರಿ ಓಡಾಡುತ್ತಾನೆಂಬ ಸಿಟ್ಟೇ ಕಾರಣ ಅಂತ ಅವನ ತಂದೆ ದೂರು ಕೊಟ್ಟ.

ಇನ್ನು ಕಾನೂನಿನ ಮಾತು. ಕುದುರೆ ಜೂಜು ನಿಲ್ಲಿಸಲು ತಮಿಳುನಾಡು 1974ರಲ್ಲೇ ಕಾಯಿದೆ ಮಾಡಿತ್ತು. ಅದು ಕೋರ್ಟಿಗೆ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟು, ಕುದುರೆ ರೇಸು ಅದೃಷ್ಟದ ಆಟವಲ್ಲ, ಕುಶಲತೆಯ ಆಟ, ಆದ್ದರಿಂದ ಜೂಜಲ್ಲ ಅಂದಿತು. ಇತ್ತ ಹಳ್ಳಿಯಲ್ಲಿ ಯುಗಾದಿಯ ದಿನ ಹತ್ತಿಪ್ಪತ್ತು ರೂಪಾಯಿ ಇಟ್ಟು ಅಂದರ್ ಬಾಹರ್ ಆಡಿದವನು ಪೊಲೀಸ್ ಜೀಪು ಕಂಡರೆ ಜೋಳದ ಹೊಲಕ್ಕೆ ಬೀಳುತ್ತಾನೆ. ಅಂದರ್ ಬಾಹರ್ ಆಡಿ ಮನೆ ಹಾಳು ಮಾಡಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ರೇಸಿನಿಂದ ಹಾಳಾದ ಮನೆಗಳೂ ಕಡಿಮೆಯಿಲ್ಲ. ನನ್ನ ಪ್ರಶ್ನೆ ಇಷ್ಟೆ. ಕುಶಲತೆ ಯಾರದು? ಓಡಿದ್ದು ಕುದುರೆ, ಓಡಿಸಿದ್ದು ಜಾಕಿ, ಓಡುವಂತೆ ಕಾಪಾಡಿದ್ದು ಸೈಸ್. ದುಡ್ಡು ಕಟ್ಟಿದವನು ಕುಶಲಿಯಾದ.

ನೆಲದ ಮಾತಿಗೆ ಬಂದರೆ ನನ್ನ ರಕ್ತ ಕುದಿಯುತ್ತದೆ. ನಮ್ಮ ಕಡೆ ಸರ್ಕಾರಿ ನೆಲದಲ್ಲಿ ಎರಡೆಕರೆ ಕಲ್ಲು ಆಯ್ದು ಉತ್ತು ರಾಗಿ ಬೆಳೆದವರಿದ್ದಾರೆ. ಬಗರ್ ಹುಕುಂ ಅಂತ ಫಾರಂ 50 ಹಾಕಿದರು, 53 ಹಾಕಿದರು, 57 ಹಾಕಿದರು. ಎಷ್ಟೋ ಮನೆಗಳಲ್ಲಿ ಅಪ್ಪ ಸತ್ತು ಮಗ ಅರ್ಜಿಯ ಹಿಂದೆ ಅಲೆದಿದ್ದಾನೆ. ಅವರನ್ನು ಕಾಗದದಲ್ಲಿ ಕರೆಯುವುದು ಒತ್ತುವರಿದಾರರು ಅಂತ. ಊಟಿಯಲ್ಲಿ 52 ಎಕರೆ ಇಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಮೇಲೆ ಬಾಡಿಗೆ ಬಾಕಿ ಉಳಿಸಿದವರನ್ನು ಕರೆದದ್ದು ಕ್ಲಬ್ಬು ಅಂತ. ಕನ್ನಡದಲ್ಲಿ ಒಂದೇ ಕೆಲಸಕ್ಕೆ ಎರಡು ಹೆಸರು ಹೇಗೆ ಹುಟ್ಟುತ್ತವೆ ಅನ್ನುವುದನ್ನು ವ್ಯಾಕರಣದ ಮೇಷ್ಟ್ರುಗಳು ಈ ಲೆಕ್ಕದಲ್ಲೂ ಹೇಳಿಕೊಡಲಿ.

ಸರ್ಕಾರ ನೆಲ ಬಿಡಿಸಿಕೊಂಡದ್ದು ಸರಿ. ಅದಕ್ಕೆ ನಾನು ಕೈ ಎತ್ತುತ್ತೇನೆ. ಅಲ್ಲಿ ಪರಿಸರ ಪಾರ್ಕು ಮಾಡುತ್ತೇವೆ ಅಂದಿತು. ಹುಲ್ಲು ಬೆಳೆಯಲಿ, ಮಕ್ಕಳು ಆಡಲಿ, ಮುಚ್ಚಿದ ಕೆರೆಗೆ ನೀರು ಉಸಿರಾಡಲು ಜಾಗ ಸಿಗಲಿ. ಆದರೆ ಪಾರ್ಕಿಗೆ ಟಿಕೇಟು ಇಟ್ಟು, ತೋಡರ ಹೆಣ್ಣುಮಕ್ಕಳನ್ನು ಬಾಗಿಲಾಚೆ ಶಾಲು ಮಾರಲು ಕೂರಿಸಿದರೆ ಕಾಗದ ಇನ್ನೊಮ್ಮೆ ಸರಿಯಾದಂತೆ, ಅಷ್ಟೆ. ಕುದುರೆಗಳಿಗೆ ಬೆಂಗಳೂರು, ಮೈಸೂರು, ಹೈದರಾಬಾದಿನ ರೇಸುಗಳಿವೆ. ಊಟಿಯ ಸೀಸನ್ನಿನ ಎರಡು ತಿಂಗಳ ಕೂಲಿಯನ್ನು ನಂಬಿದ್ದವನಿಗೆ ಏನಿದೆ? ವಸೂಲಾಗುವ ಬಾಕಿಯಲ್ಲಿ ಅವನ ಮೊಣಕಾಲಿನ ಬಾಕಿಯೂ ಒಂದು ಬಾಬತ್ತಾಗಬೇಡವೆ?

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ ಒಂದು ಮಾತು. ನಿಮ್ಮ ಊರಲ್ಲೂ ರೈಲು ಹತ್ತಿ ಹೋಗಿ ಕುಂಟುತ್ತಾ ವಾಪಸ್ ಬಂದವರಿದ್ದಾರೆ. ಲಾಯದಿಂದ ಬಂದವರು, ಗಣಿಯಿಂದ ಬಂದವರು, ಕಾಫಿ ತೋಟದಿಂದ ಬಂದವರು. ಅವರ ಹತ್ತಿರ ಕೂತು ಕೇಳಿ. ಯಾವ ವರ್ಷ ಹೋದಿರಿ, ಏನು ಕೊಟ್ಟರು, ಎಲ್ಲಿ ಮಲಗಿಸಿದರು, ಯಾಕೆ ಕಳಿಸಿದರು ಅಂತ ಕೇಳಿ. ತಾರೀಕು ಹಾಕಿ ಬರೆದಿಡಿ. ಕುದುರೆಯ ವಂಶಾವಳಿ 1791ರಿಂದ ಇದೆ. ನಮ್ಮದು ಈ ವರ್ಷದಿಂದಾದರೂ ಶುರುವಾಗಲಿ.